ನಾಳೆ ನಾನು ಬರುವುದಿಲ್ಲ



ಕೆಲವು ವರ್ಷಗಳ ಹಿಂದೆ, ಕಾಫಿ ಕುಯ್ಲಿನ ದಿನಗಳಲ್ಲಿ, ದಕ್ಷಿಣ ಕೊಡಗಿನ ಒಂದು ತೋಟಕ್ಕೆ ನಮ್ಮ ತಂಡ ಚಿತ್ರೀಕರಣಕ್ಕೆಂದು ಹೋಗಿತ್ತು. ತೋಟದ ಮಾಲೀಕರಿಗೆ ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದಿದ್ದೆವು. ಹಣ್ಣು ಬಿಡಿಸುವುದು, ಸಂಜೆ ಚೀಲ ತೂಗುವುದು, ಕಣದಲ್ಲಿ ಹರಡುವುದು ಎಲ್ಲವನ್ನೂ ಚಿತ್ರಿಸಿಕೊಂಡೆವು. ಮರುದಿನ ಕ್ಯಾಮೆರಾ ಹೊತ್ತು ಲೈನ್ ಮನೆಗಳ ಕಡೆಗೆ ನಡೆದೆವು. ಸಾಲಿನ ಕೊನೆಯ ಮನೆಯ ಬಾಗಿಲಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು, ‘ಯಾರನ್ನ ಕೇಳಿ ಬಂದ್ರಿ ಸಾರ್?’ ಎಂದರು.

‘ಸಾಹುಕಾರ್ರನ್ನ ಕೇಳಿದ್ದೀವಿ, ಅಮ್ಮ.’

‘ಅವರ ಮನೆ ಫೋಟೋ ತೆಗೆಯೋದಾದ್ರೆ ಸರಿ. ಇದು ನನ್ನ ಮನೆ ಅಲ್ವಾ?’

ನಾವು ಏನು ಹೇಳುವುದೆಂದು ತೋಚದೆ ನಿಂತಾಗ ಅವರೇ ನಕ್ಕರು. ‘ನನ್ನ ಮನೆ ಅಂದ್ರೆ, ಹಾಜರಿ ಇರೋವರೆಗೆ’ ಎಂದರು. ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಬೆಲ್ಲದ ಕಾಫಿ. ತಪ್ಪು ನಮ್ಮದೇ ಎನ್ನುವುದರಲ್ಲಿ ಸಂಶಯವಿಲ್ಲ. ಮಾಲೀಕರ ಅಪ್ಪಣೆ ಸಿಕ್ಕಿದರೆ ಅಲ್ಲಿ ವಾಸಿಸುವವರ ಒಪ್ಪಿಗೆಯೂ ಸಿಕ್ಕಂತೆ ಎಂದು ನಾವು ಅಂದುಕೊಂಡಿದ್ದೆವು. ಇದು ಹೊಸ ತಪ್ಪೇನೂ ಅಲ್ಲ. ಕೊಡಗಿನ ತೋಟಗಳಲ್ಲಿ ಇದಕ್ಕೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ಹಿನ್ನೆಲೆ ಇದೆ.

ಕೆಲಸ ಕೊಡುವವನ ಅಧಿಕಾರ ಎಷ್ಟು, ಕೆಲಸ ಮಾಡುವವನ ಹಕ್ಕು ಎಷ್ಟು ಎಂಬ ಪ್ರಶ್ನೆಗೆ ನಿಮ್ಮ ಪಠ್ಯಪುಸ್ತಕದಲ್ಲಿ ಕಾಯಿದೆಗಳ ಪಟ್ಟಿ ಸಿಗುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯಬಹುದು, ಆದರೆ ಅದರಿಂದ ಏನು ಬದಲಾಯಿತೆಂದು ತಿಳಿಯುವುದು ಕಷ್ಟ. ನಾನು ವಿಜ್ಞಾನ ಓದಿದವನು. ಪ್ರಯೋಗಾಲಯದಲ್ಲಿ ನಾವು ಬೇರೆ ಬೇರೆ ದ್ರಾವಣಗಳ ಮೇಲೆ ಒಂದೇ ಪರೀಕ್ಷೆಯನ್ನು ನಡೆಸಿ ನೋಡುತ್ತಿದ್ದೆವು. ಇಲ್ಲಿಯೂ ಹಾಗೆಯೇ ಮಾಡೋಣ. ಒಬ್ಬ ಆಳು ಸಂಜೆ ಕತ್ತಿ ಕೆಳಗಿಟ್ಟು, ‘ನಾಳೆ ನಾನು ಬರುವುದಿಲ್ಲ’ ಎನ್ನುತ್ತಾನೆ. ಏನಾಗುತ್ತದೆ? ಪ್ರತಿಯೊಂದು ಕಾಲಕ್ಕೂ ಈ ಒಂದೇ ಪ್ರಶ್ನೆಯನ್ನು ಹಾಕೋಣ.

ಕೊಡಗು ಬ್ರಿಟಿಷರ ವಶವಾದದ್ದು 1834ರಲ್ಲಿ, ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದಾಗ. ಅದಕ್ಕೆ ಮೊದಲು ಇಲ್ಲಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಯರವರು ಮತ್ತು ದಲಿತ ಸಮುದಾಯಗಳ ಜನರಲ್ಲಿ ಬಹುಪಾಲು ಜೀತದ ಆಳುಗಳು. ಕೆಲವರು ಭೂಮಿಗೆ ಸೇರಿದವರು. ಭೂಮಿ ಕೈ ಬದಲಾದರೆ ಅವರೂ ಅದರೊಂದಿಗೆ ಹೋಗುತ್ತಿದ್ದರು. ಮತ್ತೆ ಕೆಲವರು ಮನೆತನಕ್ಕೆ ಸೇರಿದವರು. ಅವರಿಗೆ ಸಿಗುತ್ತಿದ್ದುದು ಭತ್ತ, ವರ್ಷಕ್ಕೊಮ್ಮೆ ಬಟ್ಟೆ, ಹಬ್ಬದ ಊಟ. ‘ನಾಳೆ ಬರುವುದಿಲ್ಲ’ ಎಂಬ ಮಾತಿಗೆ ಅಲ್ಲಿ ಅರ್ಥವೇ ಇರಲಿಲ್ಲ. ಓಡಿಹೋದವನನ್ನು ಹಿಡಿದು ತರುವುದು ರೂಢಿಯ ನ್ಯಾಯವಾಗಿತ್ತು.

1843ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಗುಲಾಮಗಿರಿಯ ಬಗ್ಗೆ ಒಂದು ಕಾಯಿದೆ ಮಾಡಿತು. ಅದು ಯಾರನ್ನೂ ‘ನೀನು ಬಿಡುಗಡೆಯಾದೆ’ ಎಂದು ಕರೆದು ಹೇಳಲಿಲ್ಲ. ಈ ಮನುಷ್ಯ ನನ್ನವನು, ಹಿಡಿದು ಕೊಡಿ ಎಂದು ಕೇಳಿಕೊಂಡು ಬರುವವರಿಗೆ ನ್ಯಾಯಾಲಯವಾಗಲಿ ಅಧಿಕಾರಿಯಾಗಲಿ ನೆರವಾಗಬಾರದು ಎಂದಷ್ಟೇ ಹೇಳಿತು. ಅಂದರೆ ಸರ್ಕಾರ ಯಜಮಾನನ ಪರವಾಗಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿತು. ಕೇಳಲು ಸಣ್ಣ ವಿಷಯ. ಆದರೆ ಅಧಿಕಾರ ಎಂಬುದು ಯಜಮಾನನ ತೋಳಿನ ಬಲದಲ್ಲಿ ಮಾತ್ರ ಇರುವುದಿಲ್ಲ. ಅವನು ಕೂಗಿದಾಗ ಪೊಲೀಸರು ಯಾರ ಕಡೆಗೆ ಓಡುತ್ತಾರೆ ಎಂಬುದರಲ್ಲಿ ಅದರ ಮುಕ್ಕಾಲು ಪಾಲು ಇರುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಏಕೆಂದರೆ ಹಿಂದೆಗೆದ ಆ ಕೈ 16 ವರ್ಷಗಳಲ್ಲೇ ಮತ್ತೆ ಮುಂದೆ ಬಂದಿತು.

ನಡುವೆ ನಡೆದದ್ದು ಕಾಫಿ. ಫೌಲರ್ ಎಂಬ ಐರೋಪ್ಯ ತೋಟಗಾರ 1854ರಲ್ಲಿ ಮಡಿಕೇರಿಯ ಬಳಿ ಕಾಫಿ ತೋಟ ಮಾಡಿದ. ಅವನ ಹಿಂದೆಯೇ ಇತರರು ಬಂದರು. ಕಾಡು ಕಡಿಯಲು, ಗುಂಡಿ ತೋಡಲು, ಗಿಡ ನೆಡಲು ಸಾವಿರಾರು ಕೈಗಳು ಬೇಕಾದವು. ಕೊಡಗಿನಲ್ಲಿ ಅಷ್ಟು ಜನ ಇರಲಿಲ್ಲ. ಮೈಸೂರು ಸೀಮೆಯಿಂದ, ದಕ್ಷಿಣ ಕನ್ನಡದಿಂದ, ಮಲಬಾರಿನಿಂದ ಮೇಸ್ತ್ರಿಗಳು ಆಳುಗಳನ್ನು ಕರೆತರತೊಡಗಿದರು. ಕರೆತರಲು ಅವರು ಬಳಸಿದ ಉಪಕರಣ ಒಂದೇ, ಮುಂಗಡ ಹಣ. ದೊರೆ ಮೇಸ್ತ್ರಿಗೆ ಕೊಡುತ್ತಿದ್ದ, ಮೇಸ್ತ್ರಿ ಹಳ್ಳಿಗೆ ಹೋಗಿ ಮನೆಮನೆಗೆ ಹಂಚುತ್ತಿದ್ದ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ.

ಹಣ ಪಡೆದವರು ಬಾರದಿದ್ದರೆ, ಅಥವಾ ಬಂದು ನಡುವೆ ಹೊರಟುಹೋದರೆ? ಅದಕ್ಕೆ ಉತ್ತರವಾಗಿ ಬಂದದ್ದು 1859ರ 13ನೆಯ ಕಾಯಿದೆ, ಕೆಲಸಗಾರರ ಕರಾರು ಭಂಗದ ಕಾಯಿದೆ. ಮೊದಲು ಕಲ್ಕತ್ತ, ಮದ್ರಾಸು, ಮುಂಬಯಿ ಪಟ್ಟಣಗಳಿಗೆಂದು ಮಾಡಿದ ಇದು ಕ್ರಮೇಣ ತೋಟದ ಸೀಮೆಗಳಿಗೂ ಹಬ್ಬಿತು. ಮುಂಗಡ ಪಡೆದ ಆಳು ಸಕಾರಣವಿಲ್ಲದೆ ಕೆಲಸ ಬಿಟ್ಟರೆ ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಹಣ ಹಿಂತಿರುಗಿಸಲಿ ಅಥವಾ ಕೆಲಸ ಮುಗಿಸಿಕೊಡಲಿ, ಎರಡರಲ್ಲಿ ಯಾವುದು ಬೇಕೆಂದು ಆರಿಸುವವನು ಮಾಲೀಕ. ಆಜ್ಞೆ ಪಾಲಿಸದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಮಾಲೀಕ ಕೂಲಿ ಕೊಡದಿದ್ದರೆ? ಅವನಿಗೆ ಜೈಲಿಲ್ಲ. ಆಳು ಸಿವಿಲ್ ದಾವೆ ಹೂಡಬಹುದಿತ್ತು, ವಕೀಲರನ್ನಿಟ್ಟು! ಒಂದೇ ಕರಾರನ್ನು ಮುರಿದ ಇಬ್ಬರಲ್ಲಿ ಒಬ್ಬನ ತಪ್ಪು ಅಪರಾಧ, ಇನ್ನೊಬ್ಬನದು ಬರೀ ಬಾಕಿ. ಕಾನೂನು ಓದಬೇಕೆಂದಿರುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಮುಂಗಡ ಇಷ್ಟು ಬಿಗಿಯಾಗಿ ಹಿಡಿದದ್ದಕ್ಕೆ ಗಿಡವೂ ಒಂದು ಕಾರಣ. ಅರೇಬಿಕ ಕಾಫಿ ಹೂವಾಗಿ ಹಣ್ಣಾಗಲು ಎಂಟೊಂಬತ್ತು ತಿಂಗಳು, ರೊಬಸ್ಟಾಗೆ ಹತ್ತು ಹನ್ನೊಂದು. ನವೆಂಬರಿನಿಂದ ಮಾರ್ಚಿಯವರೆಗೆ ಒಂದಾದ ಮೇಲೊಂದು ಕುಯ್ಲಿಗೆ ಬರುತ್ತವೆ. ಹಣ್ಣಾದದ್ದನ್ನು ಬಿಡಿಸದಿದ್ದರೆ ಒಣಗಿ ಉದುರುತ್ತದೆ. ಆಗ ಆಳಿನ ಮಾತಿಗೆ ಬೆಲೆ. ಜೂನ್ ಬಂತೆನ್ನಿ, ಕೊಡಗಿನ ಮಳೆ ನಿಮಗೆ ಗೊತ್ತು. ದಿನಗಟ್ಟಲೆ ಹೊರಗೆ ಕಾಲಿಡುವಂತಿಲ್ಲ, ಕೆಲಸ ಕಡಿಮೆ, ಹಾಜರಿ ಕಡಿಮೆ, ಆದರೆ ಹೊಟ್ಟೆಗೆ ರಜೆಯಿಲ್ಲ. ಆ ಮಳೆಯಲ್ಲಿ ಅಕ್ಕಿಗೆಂದು, ಕಂಬಳಿಗೆಂದು, ಜ್ವರದ ಔಷಧಿಗೆಂದು ತೆಗೆದುಕೊಂಡ ಸಾಲ ಕುಯ್ಲಿನ ಹೊತ್ತಿಗೆ ಲೆಕ್ಕದ ಪುಸ್ತಕದಲ್ಲಿ ಕಾಯುತ್ತಿರುತ್ತದೆ. ಆಳಿಗೆ ಚೌಕಾಸಿ ಮಾಡುವ ಶಕ್ತಿ ಬರುವ ತಿಂಗಳಲ್ಲೇ ಅವನ ಬಾಯಿ ಕಟ್ಟಿರುತ್ತದೆ. ಗಡಿಯಾಚೆ ವಯನಾಡಿನಲ್ಲಿ ವಳ್ಳಿಯೂರ್ಕಾವು ದೇವಿಯ ಜಾತ್ರೆಯ ಹೊತ್ತಿಗೆ ಪಣಿಯ ಜನರು ಜಮೀನ್ದಾರರಿಂದ ಹಣ ಪಡೆದು ಒಂದು ವರ್ಷದ ದುಡಿಮೆಗೆ ದೇವಿಯ ಸನ್ನಿಧಿಯಲ್ಲಿ ಮಾತು ಕೊಡುತ್ತಿದ್ದರು. ಅಲ್ಲಿ ಮ್ಯಾಜಿಸ್ಟ್ರೇಟರ ಅಗತ್ಯವೂ ಇರಲಿಲ್ಲ, ದೇವಿಯ ಭಯವೇ ಸಾಕಾಗಿತ್ತು.

ಇಂಗ್ಲೆಂಡಿನಲ್ಲಿಯೂ ಕೆಲಸ ಬಿಟ್ಟವರನ್ನು ಜೈಲಿಗೆ ಹಾಕುವ ಕಾನೂನು ಇತ್ತು. ಅಲ್ಲಿನ ಕಾರ್ಮಿಕರು ಹೋರಾಡಿ 1875ರಲ್ಲಿ ಅದನ್ನು ತೆಗೆಸಿದರು. ಅದೇ ಇಂಗ್ಲೆಂಡಿನ ಸರ್ಕಾರ ನಮ್ಮಲ್ಲಿ ಅದನ್ನು ಮತ್ತೆ ಅರ್ಧ ಶತಮಾನ ಉಳಿಸಿಕೊಂಡಿತು. 1859ರ ಕಾಯಿದೆ ರದ್ದಾದದ್ದು 1926ರ ಏಪ್ರಿಲ್‌ನಲ್ಲಿ. ಆಗಲೂ ಕೊಡಗಿನ ಆಳಿಗೆ ತಕ್ಷಣ ಉಸಿರಾಡಲು ಆಗಲಿಲ್ಲ. ಅದೇ ವರ್ಷ ಕೊಡಗಿಗೆಂದೇ ಒಂದು ಕೂಲಿಗಾರರ ಕಾಯಿದೆ ಮಾಡಿ, ಕರಾರು ಮುರಿದವರಿಗೆ ದಂಡನೆ ಕೊಡುವ ಪದ್ಧತಿಯನ್ನು ಇನ್ನೂ ಕೆಲವು ವರ್ಷ ಮುಂದುವರಿಸಲಾಯಿತು. ಕಾಕತಾಳೀಯವೋ ಏನೋ, ಕಾರ್ಮಿಕ ಸಂಘಗಳನ್ನು ನೋಂದಾಯಿಸುವ ಹಕ್ಕು ಕೊಟ್ಟ ಟ್ರೇಡ್ ಯೂನಿಯನ್ ಕಾಯಿದೆ ಬಂದದ್ದೂ 1926ರಲ್ಲೇ.

ಈಗ ಪ್ರಶ್ನೆಯನ್ನು ತಿರುಗಿಸಿ ಹಾಕೋಣ. ಮಾಲೀಕನೇ ಆಳಿಗೆ, ‘ನಾಳೆ ನೀನು ಬರಬೇಡ’ ಎಂದರೆ? ಬಹುಕಾಲ ಇದಕ್ಕೆ ಒಂದೇ ಉತ್ತರವಿತ್ತು, ಗಂಟು ಕಟ್ಟಿಕೊಂಡು ಹೊರಡುವುದು. 1947ರ ಕೈಗಾರಿಕಾ ವಿವಾದ ಕಾಯಿದೆ ಈ ಮಾತನ್ನು ಪ್ರಶ್ನಿಸುವ ಒಂದು ಜಾಗವನ್ನು ಮಾಡಿಕೊಟ್ಟಿತು. 1953ರ ತಿದ್ದುಪಡಿಯ ನಂತರ, ಒಂದು ವರ್ಷ ನಿರಂತರ ದುಡಿದ ಕೆಲಸಗಾರನನ್ನು ಹೆಚ್ಚುವರಿ ಎಂದು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಪರಿಹಾರವಾಗಿ ಕೊಡಬೇಕಾಯಿತು. 1971ರಲ್ಲಿ ಇನ್ನೊಂದು ಹೆಜ್ಜೆ. ಅದುವರೆಗೆ ತಪ್ಪಿಗೆ ಶಿಕ್ಷೆಯಾಗಿ ವಜಾ ಮಾಡಿದಾಗ, ವಿಚಾರಣೆ ಕ್ರಮವಾಗಿ ನಡೆದಿದ್ದರೆ ನ್ಯಾಯಾಲಯ ಹೆಚ್ಚಿಗೆ ಕೈ ಹಾಕುತ್ತಿರಲಿಲ್ಲ. ಆ ವರ್ಷ ಸೇರಿಸಿದ 11-ಎ ಎಂಬ ಕಲಮು, ಮಾಡಿದ ತಪ್ಪಿಗೂ ಕೊಟ್ಟ ಶಿಕ್ಷೆಗೂ ತಾಳೆ ಇದೆಯೇ ಎಂದು ತೂಗಿ ನೋಡುವ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟಿತು. ಒಂದು ದಿನ ತಡವಾಗಿ ಬಂದವನನ್ನು ಇಪ್ಪತ್ತು ವರ್ಷದ ಸೇವೆಯ ನಂತರ ಮನೆಗೆ ಕಳಿಸಿದರೆ, ಅದು ಹೆಚ್ಚಾಯಿತು ಎಂದು ನ್ಯಾಯಾಧೀಶರು ಹೇಳಬಹುದು. ಮಾಲೀಕನ ಅಧಿಕಾರ ಇಲ್ಲಿ ಹೋಗಲಿಲ್ಲ, ಅದಕ್ಕೆ ಕಾರಣ ಕೊಡಬೇಕಾದ ಹೊಣೆ ಬಂದಿತು.

ತೋಟಗಳ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು 1951ರ ತೋಟ ಕಾರ್ಮಿಕರ ಕಾಯಿದೆ. ಜಾರಿಗೆ ಬಂದದ್ದು 1954ರ ಏಪ್ರಿಲ್ ಒಂದರಂದು. ಆಗ ಕೊಡಗು ತನ್ನದೇ ವಿಧಾನಸಭೆ ಇದ್ದ ಪುಟ್ಟ ರಾಜ್ಯ, ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿ. 1956ರ ನವೆಂಬರಿನಲ್ಲಿ ಅದು ಮೈಸೂರು ರಾಜ್ಯದಲ್ಲಿ ಸೇರಿತು. ಈ ಕಾಯಿದೆಯ ವಿಶೇಷ ಏನೆಂದರೆ ಅದು ಕೂಲಿಯ ಬಗ್ಗೆ ಮಾತನಾಡಲಿಲ್ಲ, ಬದುಕಿನ ಬಗ್ಗೆ ಮಾತನಾಡಿತು. ಕುಡಿಯುವ ನೀರು, ಕಕ್ಕಸು, ವೈದ್ಯೋಪಚಾರ, ಹೆಂಗಸರು ಹೆಚ್ಚಿರುವ ತೋಟದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಶಿಶುಮಂದಿರ, ಮಕ್ಕಳ ಓದು, 20 ದಿನ ದುಡಿದರೆ ಒಂದು ದಿನದ ಸಂಬಳ ಸಹಿತ ರಜೆ. ಮಳೆಗೆ ಕೊಡೆ, ಚಳಿಗೆ ಕಂಬಳಿ ಕೊಡಿಸುವ ನಿಯಮ ಮಾಡಲು ಕೂಡ ಅದರಲ್ಲೊಂದು ಕಲಮು! ಹಿಂದೆ ಮಳೆಗಾಲದ ಸಾಲವಾಗಿದ್ದ ಕಂಬಳಿ ಈಗ ಹಕ್ಕಾಗಬಹುದಾದ ವಸ್ತುವಾಯಿತು. ಮೊದಲಿಗೆ ವಾರಕ್ಕೆ 54 ಗಂಟೆಗಳ ದುಡಿಮೆಗೆ ಅವಕಾಶವಿತ್ತು. 1981ರ ತಿದ್ದುಪಡಿಯಲ್ಲಿ ಅದು 48ಕ್ಕೆ ಇಳಿಯಿತು.

ಮುಖ್ಯವಾಗಿ, ತೋಟದಲ್ಲಿ ವಾಸಿಸುವ ಕೆಲಸಗಾರನಿಗೆ, ಅವನ ಕುಟುಂಬಕ್ಕೆ ಮನೆ ಕೊಡುವುದು ಮಾಲೀಕನ ಕರ್ತವ್ಯ ಎಂದಾಯಿತು. ನಾನು ಆರಂಭದಲ್ಲಿ ಹೇಳಿದ ಅಮ್ಮನ ಮನೆ ಈ ಕಾಯಿದೆಯ ಕೂಸು. ಇದರ ಎರಡು ಮುಖಗಳನ್ನೂ ನೀವು ನೋಡಬೇಕು. ಹಾಳು ಜೋಪಡಿಯಲ್ಲಿದ್ದವರಿಗೆ ಹೆಂಚಿನ ಸೂರು ಸಿಕ್ಕಿತು, ಇದು ಸಣ್ಣದಲ್ಲ. ಆದರೆ ಮನೆ ಕೆಲಸದ ಜೊತೆ ಬಂದದ್ದರಿಂದ ಕೆಲಸದ ಜೊತೆಯೇ ಹೋಗುತ್ತದೆ. ಪೇಟೆಯ ಕಾರ್ಖಾನೆಯಲ್ಲಿ ಕೆಲಸ ಬಿಟ್ಟವನು ಸಂಬಳ ಕಳೆದುಕೊಳ್ಳುತ್ತಾನೆ. ತೋಟದಲ್ಲಿ ಬಿಟ್ಟವನು ಸಂಬಳದ ಜೊತೆ ಒಲೆ, ಬಚ್ಚಲು, ಮಕ್ಕಳ ಶಾಲೆಯ ದಾರಿ, ಪಡಿತರ ಚೀಟಿಯ ವಿಳಾಸ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ‘ನಾಳೆ ಬರುವುದಿಲ್ಲ’ ಎನ್ನುವವನನ್ನು 1859ರಲ್ಲಿ ಮ್ಯಾಜಿಸ್ಟ್ರೇಟ್ ತಡೆಯುತ್ತಿದ್ದ, 1954ರ ನಂತರ ಅವನದೇ ಮನೆಯ ಬಾಗಿಲು ತಡೆಯುತ್ತದೆ.

ಸಾಲದ ಹಗ್ಗವೂ ಪೂರ್ತಿ ಹರಿದಿರಲಿಲ್ಲ. ಬಲವಂತದ ದುಡಿಮೆಯನ್ನು ನಮ್ಮ ಸಂವಿಧಾನದ 23ನೆಯ ಅನುಚ್ಛೇದ 1950ರಲ್ಲೇ ನಿಷೇಧಿಸಿದ್ದರೂ, ಜೀತದ ಸಾಲಗಳನ್ನು ರದ್ದು ಮಾಡಿ ಅದನ್ನು ಅಪರಾಧವೆಂದು ಸಾರಿದ ಕಾಯಿದೆ ಬರಲು 1976 ಆಗಬೇಕಾಯಿತು. 1982ರಲ್ಲಿ ದೆಹಲಿಯ ಏಷ್ಯಾಡ್ ಕಾಮಗಾರಿಗಳ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ಮಹತ್ವದ ಮಾತು ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯಲು ಒಪ್ಪಿದರೆ, ಅವನನ್ನು ಹಸಿವು ಒತ್ತಾಯಿಸಿದೆ, ಆದ್ದರಿಂದ ಅದೂ ಬಲವಂತದ ದುಡಿಮೆಯೇ ಎಂದು ಅದರ ಸಾರ. ‘ಅವನೇ ಒಪ್ಪಿಕೊಂಡ’ ಎಂಬ ಹಳೆಯ ಸಮಜಾಯಿಷಿಗೆ ಬಿದ್ದ ಪೆಟ್ಟು ಇದು. ಸಮಾನ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಸಮಾನ ಕೂಲಿ ಎಂಬ ಕಾಯಿದೆಯೂ 1976ರದೇ. ಆದರೂ ‘ಹೆಣ್ಣಾಳಿಗೆ ಇಷ್ಟು, ಗಂಡಾಳಿಗೆ ಇಷ್ಟು’ ಎಂದು ಲೆಕ್ಕ ಹೇಳುವ ರೂಢಿ ಹಳ್ಳಿಗಳಲ್ಲಿ ನಿಂತಿಲ್ಲವೆಂದು ನಿಮಗೇ ಗೊತ್ತು.

ಮಾಲೀಕರ ಕಡೆಯ ಮಾತನ್ನೂ ಕೇಳಬೇಕು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು, 10 ಹೆಕ್ಟೇರಿಗಿಂತ ಚಿಕ್ಕವು. ಕೊಡಗಿನ ‘ಸಾಹುಕಾರ್ರು’ ಎಂದರೆ ಎಲ್ಲರೂ ಬಂಗಲೆಯವರಲ್ಲ. ನಾಲ್ಕೈದು ಎಕರೆಯಲ್ಲಿ ತಾವೂ ಗೇಯುವವರು ಬಹಳ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ ಬೇಸಾಯದ ಖರ್ಚೂ ಹುಟ್ಟದೆ ಹೋದ ಮನೆಗಳು ಹಲವು. ಆದರೆ ತೋಟ ಕಾರ್ಮಿಕರ ಕಾಯಿದೆ ಅನ್ವಯಿಸುತ್ತಿದ್ದುದು ಐದು ಹೆಕ್ಟೇರ್ ಮತ್ತು 15 ಆಳುಗಳ ಮಿತಿಯನ್ನು ಮುಟ್ಟಿದ ತೋಟಗಳಿಗೆ. ಹೀಗಾಗಿ ಮನೆ, ಆಸ್ಪತ್ರೆ, ರಜೆ ಎಲ್ಲವೂ ದೊಡ್ಡ ತೋಟದ ಆಳಿಗೆ, ಪಕ್ಕದ ಬೇಲಿಯಾಚೆ ಅದೇ ಕೆಲಸ ಮಾಡುವವನಿಗೆ ಏನೂ ಇಲ್ಲ. ಹಕ್ಕು ಬೇಲಿಯ ಉದ್ದವನ್ನು ನೋಡಿ ಬರುವುದು ನನಗೆ ಎಂದೂ ಸರಿಕಂಡಿಲ್ಲ. ಚಿಕ್ಕ ಬೆಳೆಗಾರನ ಮೇಲೆ ಆ ಹೊರೆ ಹಾಕಲಾಗದು ಎಂಬುದು ನಿಜವಾದರೆ, ಅದನ್ನು ಯಾರಾದರೂ ಬೇರೆಯವರು ಹೊರಬೇಕು. ಇಂಥ ಕಡೆ ಸರ್ಕಾರವಲ್ಲದೆ ಇನ್ಯಾರು?

ಇದರ ಪರಿಣಾಮ 2016ರ ಡಿಸೆಂಬರಿನಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಸಿದ್ದಾಪುರದ ಸಮೀಪ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳು, ಬಹುಪಾಲು ಆದಿವಾಸಿಗಳು, ಅರಣ್ಯದ ಜಾಗ ಎನ್ನಲಾದ ಕಡೆ ಗುಡಿಸಲು ಹಾಕಿಕೊಂಡಿದ್ದರು. ಅವರಲ್ಲಿ ಅನೇಕರು ತೋಟಗಳ ಲೈನ್ ಮನೆಗಳಿಂದ ಬಂದವರು. ತಲೆಮಾರುಗಟ್ಟಲೆ ದುಡಿದರೂ ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಗೇಣು ಜಾಗ ಇರಲಿಲ್ಲ. ಗುಡಿಸಲುಗಳನ್ನು ಕೆಡವಿದಾಗ ಜನ ಅಲ್ಲೇ ಬಯಲಲ್ಲಿ ಕುಳಿತರು, ರಾಜ್ಯದೆಲ್ಲೆಡೆ ಸುದ್ದಿಯಾಯಿತು. ಕೊನೆಗೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಪುನರ್ವಸತಿ ಕಲ್ಪಿಸಲಾಯಿತು. ಅದನ್ನು ಪತ್ರಿಕೆಗಳು ಅರಣ್ಯದ ವಿವಾದವೆಂದು ಬರೆದವು. ನನ್ನ ಮಟ್ಟಿಗೆ ಅದು ದುಡಿಮೆಯ ವಿವಾದ. ಆ ಜನ ಅಲ್ಲಿ ಕೇಳಿದ್ದು ‘ನಾಳೆ ಬರುವುದಿಲ್ಲ’ ಎಂದು ಹೇಳಿದರೂ ರಾತ್ರಿ ಮಲಗಲು ಒಂದು ಜಾಗ.

ಇಂದು ಬೆಳಿಗ್ಗೆ ಸಿದ್ದಾಪುರದ ಪೇಟೆಯಲ್ಲಿ ನಿಂತರೆ ಬೇರೆಯೇ ದೃಶ್ಯ. ಜೀಪುಗಳು, ಪಿಕಪ್ ವ್ಯಾನುಗಳು ಆಳುಗಳನ್ನು ತುಂಬಿಕೊಂಡು ತೋಟಗಳ ಕಡೆ ಓಡುತ್ತವೆ. ಲೈನ್ ಮನೆಯ ಮಕ್ಕಳು ಓದಿ ಮೈಸೂರು, ಬೆಂಗಳೂರು ಸೇರಿದ್ದಾರೆ. ಕುಯ್ಲಿನಲ್ಲಿ ಮಾಲೀಕರೇ ಆಳುಗಳ ಮನೆ ಬಾಗಿಲಿಗೆ ಹೋಗಿ ‘ನಾಳೆ ಬರ್ತೀಯಲ್ಲ?’ ಎಂದು ಕೇಳುವುದುಂಟು. ಕಾಯಿದೆ ಮಾಡಲಾಗದ್ದನ್ನು ಆಳಿನ ಅಭಾವ ಮಾಡಿದೆ. ಆದರೆ ಆ ಅಭಾವವನ್ನು ತುಂಬಲು ಅಸ್ಸಾಂ, ಪಶ್ಚಿಮ ಬಂಗಾಳಗಳಿಂದ ಜನ ಬರುತ್ತಿದ್ದಾರೆ. ಭಾಷೆ ಬಾರದು, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ, ನಡುವೆ ಒಬ್ಬ ಗುತ್ತಿಗೆದಾರ. ಹಳೆಯ ಮೇಸ್ತ್ರಿ ಈಗ ಮೊಬೈಲ್ ಹಿಡಿದುಕೊಂಡಿದ್ದಾನೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದ್ದು ನಗೆಗಾಗಿ ಮಾತ್ರವಲ್ಲ.

2025ರ ನವೆಂಬರ್ 21ರಂದು 29 ಹಳೆಯ ಕೇಂದ್ರ ಕಾರ್ಮಿಕ ಕಾಯಿದೆಗಳ ಬದಲಿಗೆ ನಾಲ್ಕು ಸಂಹಿತೆಗಳು ಜಾರಿಗೆ ಬಂದವು. 1947ರ ಕಾಯಿದೆ, 1951ರ ತೋಟದ ಕಾಯಿದೆ ಎರಡೂ ಅವುಗಳಲ್ಲಿ ಲೀನವಾಗಿವೆ. ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕೆಂದು ಅವು ಹೇಳುತ್ತವೆ. ಹೆಬ್ಬೆಟ್ಟಿನ ಮುಂಗಡ ಚೀಟಿಯ ಕಾಲದಿಂದ ನೋಡಿದರೆ, ಆಳಿನ ಕೈಯಲ್ಲೂ ಒಂದು ಕಾಗದ ಬಂದಂತಾಯಿತು. ಆದರೆ ಸಾಮೂಹಿಕವಾಗಿ ಆಳು ತೆಗೆಯುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕಾದ ಮಿತಿ 100 ಕೆಲಸಗಾರರಿಂದ 300ಕ್ಕೆ ಏರಿದೆ, ತೋಟಗಳಿಗೂ ಇದು ಅನ್ವಯ. ಮುಷ್ಕರಕ್ಕೆ ಮುನ್ನ ನೋಟೀಸು ಕೊಟ್ಟು 14 ದಿನ ಕಾಯಬೇಕು. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಹಿಂತೆಗೆದುಕೊಂಡಿದೆ ಎಂದು ಸಂಘಗಳು ಹೇಳುತ್ತವೆ. ಹೂಡಿಕೆಗೆ ಅನುಕೂಲ ಎಂದು ಉದ್ಯಮಿಗಳು ಹೇಳುತ್ತಾರೆ. ನೀವು ಪತ್ರಿಕೆಗಳಲ್ಲಿ ಈ ವಾದವನ್ನು ಓದುವಾಗ ನಮ್ಮ ಆ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓದಿ.

ಲೈನಿನ ಆ ಅಮ್ಮ ಕಾಫಿ ಲೋಟ ತೊಳೆಯುತ್ತಾ ತಮ್ಮ ಸಂಸಾರದ ಲೆಕ್ಕ ಹೇಳಿದ್ದರು. ಮಗ ಕುಶಾಲನಗರದಲ್ಲಿ ಲಾರಿ ಓಡಿಸುತ್ತಾನೆ, ಸಂಪಾದನೆ ಪರವಾಗಿಲ್ಲ. ತಮಗೆ ನಿವೃತ್ತಿಯಾಗಿ ಗ್ರಾಚ್ಯುಯಿಟಿ ಹಣವೂ ಬಂದಿದೆ, ಮೊಮ್ಮಗಳ ಕಾಲೇಜಿಗೆ ಖರ್ಚಾಗುತ್ತಿದೆ. ‘ಹಾಗಾದ್ರೆ ಸೊಸೆ ಯಾಕೆ ಈ ಚಳಿಯಲ್ಲಿ ಹಣ್ಣು ಬಿಡಿಸೋಕೆ ಹೋಗ್ತಾಳೆ ಅಮ್ಮ? ಮಗನ ದುಡಿಮೆ ಸಾಲಲ್ವಾ?’ ಎಂದು ಕೇಳಿದೆ.

‘ದುಡ್ಡಿಗಲ್ಲ ಸಾರ್’ ಎಂದರು. ‘ನನ್ನ ಹೆಸರು ಚೆಕ್‌ರೋಲಿಂದ ತೆಗೆದ ದಿನವೇ ಅವಳ ಹೆಸರು ಬರೆಸಿದ್ವಿ. ಯಾರಾದ್ರೂ ಒಬ್ಬರ ಹಾಜರಿ ಇರಬೇಕಲ್ಲ, ಈ ಮನೆಗೆ.’